ಒಗರು ಗೊತ್ತಿದ್ದರೆ ಅರ್ಧ ಕಲಿತಂತೆ: ಸಣ್ಣ ವೈನರಿಯಲ್ಲಿ ವೈನ್ ಸವಿಯುವ ಬಗೆ

ನಂದಿಬೆಟ್ಟದ ಬುಡದ ಒಂದು ಸಣ್ಣ ವೈನರಿ. ಟೇಬಲ್ ಮೇಲೆ ನಾಲ್ಕು ಗ್ಲಾಸು, ಪಕ್ಕದಲ್ಲೊಂದು ಅಚ್ಚು ಹಾಕಿಸಿದ ಹಾಳೆ. ಹಾಳೆಯಲ್ಲಿ ‘ಪ್ಲಮ್, ಸೀಡರ್ ಮರ, ಬ್ಲ್ಯಾಕ್‌ಕರಂಟ್’ ಎಂದೆಲ್ಲ ಬರೆದಿತ್ತು. ಜೊತೆಗೆ ಬಂದಿದ್ದ ನಮ್ಮ ಭಾವ ಅದನ್ನು ಎರಡು ಸಲ ಓದಿ, ಒಂದು ಗುಟುಕು ಕುಡಿದು, ಮುಖ ಸಿಂಡರಿಸಿ, ‘ಇದ್ಯಾವ್ದೂ ನಂಗೆ ಸಿಗ್ಲಿಲ್ಲಪ್ಪ. ನೇರಳೆಹಣ್ಣು ತಿಂದ್ಮೇಲೆ ನಾಲಿಗೆ ಒಗರೊಗರಾಗಿ ಅಂಟ್ಕೊಳ್ಳುತ್ತಲ್ಲ, ಹಂಗಾಯ್ತು’ ಅಂದರು. ಸುರಿದುಕೊಟ್ಟ ಹುಡುಗ ನಕ್ಕ. ‘ಸಾರ್, ಅದೇ ಟ್ಯಾನಿನ್ನು. ಆ ಹಾಳೆ ಪಕ್ಕಕ್ಕಿಡಿ.’

ಬ್ಲ್ಯಾಕ್‌ಕರಂಟನ್ನು ಕಣ್ಣಲ್ಲೂ ನೋಡದವರು ವೈನಿನಲ್ಲಿ ಅದನ್ನು ಹುಡುಕುತ್ತಾ ಕೂರುವುದು ವ್ಯರ್ಥ. ಹುಳಿ, ಸಿಹಿ, ಕಹಿ, ಒಗರು ಇವನ್ನು ಬೇರೆಬೇರೆಯಾಗಿ ಗುರುತಿಸುವುದನ್ನು ನಮ್ಮ ಅಡುಗೆಮನೆ ಎಂದೋ ಕಲಿಸಿಬಿಟ್ಟಿದೆ. ವೈನ್ ಸವಿಯಲು ಬೇಕಾದ ಬಂಡವಾಳ ಮುಕ್ಕಾಲು ಪಾಲು ಅದೇ. ಉಳಿದ ಕಾಲು ಪಾಲನ್ನು ಇಲ್ಲಿ ಹೇಳುತ್ತೇನೆ.

ಎಲ್ಲಿಗೆ ಹೋಗುವುದು

ಕರ್ನಾಟಕದಲ್ಲಿ ವೈನ್ ದ್ರಾಕ್ಷಿಯ ಹೊಸ ಕಥೆ ಶುರುವಾಗಿದ್ದು 1988ರಲ್ಲಿ, ಕನ್ವಲ್ ಗ್ರೋವರ್ ದೊಡ್ಡಬಳ್ಳಾಪುರದ ಹತ್ತಿರ ಫ್ರೆಂಚ್ ತಳಿಯ ಬಳ್ಳಿ ನೆಟ್ಟಾಗ. ಅವರ ಮೊದಲ ವೈನ್ ಬಂದದ್ದು 1992ರಲ್ಲಿ. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದ ಮೇಲೆ ಸಣ್ಣವರೂ ಕಣಕ್ಕಿಳಿದರು. ಗ್ರೋವರ್ ವೈನರಿ ಈಗ ಸಣ್ಣದಲ್ಲ, ಆದರೆ ಮೊದಲ ಸಲ ಹೋಗುವವರಿಗೆ ಒಳ್ಳೆಯ ಪಾಠಶಾಲೆ. ನಂದಿ ಕಣಿವೆಯಲ್ಲೇ ಎಸ್‌ಡಿಯು ಎಂಬ ವೈನರಿ ಇದೆ. ದೂರ ಹೋಗಲು ಮನಸ್ಸಿದ್ದರೆ ಹಂಪಿ ಸೀಮೆಯ ಬಂಡೆಗಳ ನಡುವೆ ಕೃಸ್ಮಾ ವೈನರಿಯ ತೋಟವಿದೆ. ನಂದಿಯ ತಂಪಿಗೂ ಹಂಪಿಯ ಬಿಸಿಲಿಗೂ ಇರುವ ವ್ಯತ್ಯಾಸ ಗ್ಲಾಸಿನಲ್ಲಿ ಸಿಗುತ್ತದೆಯೇ ಎಂದು ನೋಡಲು ಎರಡೂ ಕಡೆಯ ಕ್ಯಾಬರ್ನೆ ಸೊವಿನ್ಯೋನ್ ಎಂಬ ಕೆಂಪು ವೈನನ್ನು ಒಟ್ಟಿಗಿಟ್ಟು ಕುಡಿಯುವುದು ನನಗೆ ಪ್ರಿಯವಾದ ಆಟ.

ಹೆಸರು ಗೊತ್ತಿಲ್ಲದ ವೈನರಿಗಳನ್ನು ಪತ್ತೆ ಮಾಡಲು ದ್ರಾಕ್ಷಾರಸ ಉತ್ಸವಗಳು ಅನುಕೂಲ. ಅಲ್ಲಿನ ನೂಕುನುಗ್ಗಲಿನಲ್ಲಿ, ಬೆಚ್ಚಗಾದ ಬಾಟಲಿಯಿಂದ ಸುರಿದುಕೊಂಡು ಯಾವ ವೈನಿಗೂ ತೀರ್ಪು ಕೊಡಬೇಡಿ. ಮಳಿಗೆಯವರ ಫೋನ್ ನಂಬರ್ ಇಸಿದುಕೊಳ್ಳಿ, ಸಾಕು.

ಕೊಡಗಿನ ‘ಹೋಮ್‌ಮೇಡ್ ವೈನ್’ ಬೇರೆಯದೇ ಲೋಕ. ನೆಲ್ಲಿಕಾಯಿ, ಶುಂಠಿ, ಗುಲಾಬಿ, ವೀಳ್ಯದೆಲೆ ಎಲ್ಲದರಲ್ಲೂ ಮಾಡುತ್ತಾರೆ. ನನಗೆ ಅದರ ಮೇಲೆ ತಕರಾರಿಲ್ಲ, ಈ ಲೇಖನ ಮಾತ್ರ ದ್ರಾಕ್ಷಿಯದು.

ಹೊರಡುವ ವಾರ: ಮನೆಯಲ್ಲೇ ಒಂದು ತಾಲೀಮು

ನಾಲ್ಕು ಲೋಟ ಇಟ್ಟುಕೊಳ್ಳಿ. ಒಂದರಲ್ಲಿ ಬರೀ ನೀರು. ಇನ್ನೊಂದರಲ್ಲಿ ಸಕ್ಕರೆ ಕದಡಿದ ನೀರು. ಮೂರನೆಯದರಲ್ಲಿ ಹುಣಸೆಹಣ್ಣು ಕಿವುಚಿ ಸೋಸಿದ ತೆಳು ನೀರು. ನಾಲ್ಕನೆಯದರಲ್ಲಿ ಟೀಪುಡಿಯನ್ನು ಹತ್ತು ನಿಮಿಷ ಕುದಿಸಿ ಆರಿಸಿದ, ಹಾಲು ಸಕ್ಕರೆ ಇಲ್ಲದ ಡಿಕಾಕ್ಷನ್.

ಹುಣಸೆ ಯಾಕೆಂದರೆ ಅದರ ಹುಳಿಯೂ ದ್ರಾಕ್ಷಿಯ ಹುಳಿಯೂ ಒಂದೇ, ಟಾರ್ಟಾರಿಕ್ ಆಮ್ಲ. ಒಂದು ಗುಟುಕು ಬಾಯಲ್ಲಿಟ್ಟು ನುಂಗಿ, ತಲೆ ತಗ್ಗಿಸಿ. ಕೆನ್ನೆಯ ಒಳಬದಿಯಿಂದ ಜೊಲ್ಲು ಒಸರುತ್ತದೆ. ಹುಳಿ ಹೆಚ್ಚಿದ್ದಷ್ಟೂ ಜೊಲ್ಲು ಹೆಚ್ಚು. ಟೀ ಡಿಕಾಕ್ಷನ್ ಇದಕ್ಕೆ ತದ್ವಿರುದ್ಧ, ಬಾಯಿ ಒಣಗುತ್ತದೆ, ಒಸಡಿಗೆ ನಾಲಿಗೆ ತಾಗಿಸಿದರೆ ತರಿತರಿ. ಇದು ಒಗರು. ಹೊಸಬರು ಸಾಮಾನ್ಯವಾಗಿ ಒಗರನ್ನೂ ಕಹಿಯನ್ನೂ ಒಂದೇ ಎಂದುಕೊಳ್ಳುತ್ತಾರೆ. ಕಹಿ ರುಚಿ, ಹಾಗಲಕಾಯಿಯದು. ಒಗರು ಸ್ಪರ್ಶ, ಎಳೆ ಬಾಳೆಕಾಯಿ ಕಚ್ಚಿದಾಗಿನದು. ಇದೊಂದು ಬೇರ್ಪಟ್ಟರೆ ಕೆಂಪು ವೈನಿನ ಅರ್ಧ ಗುಟ್ಟು ಬಿಟ್ಟುಕೊಟ್ಟಂತೆ.

ಕೊನೆಗೆ ಹುಣಸೆ ನೀರಿಗೆ ಸಕ್ಕರೆ ನೀರು ಬೆರೆಸಿ ಮತ್ತೆ ಕುಡಿಯಿರಿ. ನಾಲಿಗೆಗೆ ಹುಳಿ ಕಡಿಮೆಯಾದಂತೆ ಕಂಡರೂ ಜೊಲ್ಲು ಬರುವುದು ನಿಲ್ಲುವುದಿಲ್ಲ. ವೈನ್ ಮಾಡುವವರು ಒಂದಿಷ್ಟು ಸಿಹಿ ಉಳಿಸಿ ಹುಳಿಯನ್ನು ಮರೆಸುವುದು ಇದೇ ತಂತ್ರದಿಂದ.

ಫೋನ್ ಮಾಡಿ, ಆಮೇಲೆ ಹೊರಡಿ

ಸಣ್ಣ ವೈನರಿ ಎಂದರೆ ಹೋಟೆಲಲ್ಲ. ಸುರಿದುಕೊಡುವವರೇ ಅವತ್ತು ಟ್ಯಾಂಕ್ ತೊಳೆಯುತ್ತಿರಬಹುದು. ಎರಡು ದಿನ ಮುಂಚೆ ಫೋನ್ ಮಾಡಿ ಎಷ್ಟು ಜನ, ಎಷ್ಟು ಹೊತ್ತಿಗೆ ಎಂದು ತಿಳಿಸಿ. ಡ್ರೈ ಡೇ ಇದೆಯೇ ಎಂದೂ ಕೇಳಿಕೊಳ್ಳಿ. ಗಾಂಧಿ ಜಯಂತಿ ಎಲ್ಲರಿಗೂ ನೆನಪಿರುತ್ತದೆ, ಸ್ಥಳೀಯ ಚುನಾವಣೆಯ ದಿನಗಳು ನೆನಪಿರುವುದಿಲ್ಲ. 21 ತುಂಬದವರಿಗೆ ಸುರಿಯುವುದಿಲ್ಲ, ಆದ್ದರಿಂದ ಕಾಲೇಜಿನ ತಮ್ಮ ತಂಗಿಯರನ್ನು ಕರೆದೊಯ್ದು ಬಾಗಿಲಲ್ಲಿ ಮುಜುಗರಪಡಬೇಡಿ.

ಯಾವ ಕಾಲ? ಜನವರಿ ಕೊನೆಯಿಂದ ಮಾರ್ಚ್‌ವರೆಗೆ. ನಮ್ಮಲ್ಲಿ ದ್ರಾಕ್ಷಿ ಬಳ್ಳಿಯನ್ನು ವರ್ಷಕ್ಕೆ ಎರಡು ಸಲ ಸವರುತ್ತಾರೆ. ವಿಜಯಪುರದ ಕಡೆ ಇದಕ್ಕೆ ಚಾಟನಿ ಎನ್ನುತ್ತಾರೆ. ಏಪ್ರಿಲ್ ಹೊತ್ತಿಗೆ ಒಂದು, ಸೆಪ್ಟೆಂಬರ್‌–ಅಕ್ಟೋಬರಿನಲ್ಲಿ ಇನ್ನೊಂದು. ಫಸಲು ಬರುವುದು ಎರಡನೆಯದರ ಮೇಲೆ. ಚಳಿಯ ಇರುಳು, ಒಣ ಹಗಲಿನಲ್ಲಿ ಹಣ್ಣು ಮಾಗಿ, ಬೇಸಿಗೆ ಏರುವ ಮೊದಲು ಕೊಯ್ಲು. ಯುರೋಪಿನವರು ಸೆಪ್ಟೆಂಬರಿನಲ್ಲಿ ಕೊಯ್ಯುವುದನ್ನು ನಾವು ಫೆಬ್ರವರಿಯಲ್ಲಿ ಕೊಯ್ಯುತ್ತೇವೆ. ಆ ದಿನಗಳಲ್ಲಿ ಹೋದರೆ ಬಳ್ಳಿಯಿಂದಲೇ ಒಂದು ಹಣ್ಣು ಕಿತ್ತು ತಿನ್ನಲು ಕೇಳಿ. ಗೋಲಿಗಿಂತ ಚಿಕ್ಕದು, ದಪ್ಪ ಸಿಪ್ಪೆ, ಬಾಯಿ ತುಂಬಾ ಬೀಜ, ವಿಪರೀತ ಸಿಹಿ. ಬೀಜ ಕಚ್ಚಿ ನೋಡಿ. ಹಸಿರಾಗಿ ಕಹಿಯಿದ್ದರೆ ಇನ್ನೂ ಮಾಗಿಲ್ಲ, ಕಂದಾಗಿ ಕಟುಂ ಎಂದರೆ ಕೊಯ್ಲು ಹತ್ತಿರ.

ಹೋಗುವ ಬೆಳಿಗ್ಗೆ ಸೆಂಟು ಹಾಕಬೇಡಿ. ಮಲ್ಲಿಗೆ ಮುಡಿಯಬೇಡಿ. ಇದನ್ನು ಹೇಳಲು ನನಗೂ ಸಂಕಟ, ಆದರೆ ಒಂದು ಮೊಳ ಮಲ್ಲಿಗೆ ಇಡೀ ಮೇಜಿನ ಮೂಗು ಕಟ್ಟುತ್ತದೆ. ಎಲೆ-ಅಡಿಕೆಯನ್ನೂ ಸಂಜೆಗೆ ಇಟ್ಟುಕೊಳ್ಳಿ. ಅಡಿಕೆಯ ಒಗರು ಬಾಯಲ್ಲಿದ್ದರೆ ವೈನಿನ ಒಗರು ಲೆಕ್ಕಕ್ಕೇ ಸಿಗದು. ಖಾಲಿ ಹೊಟ್ಟೆ ಬೇಡ, ಇಡ್ಲಿ ತಿಂದು ಹೊರಡಿ, ಬೆಳ್ಳುಳ್ಳಿ ಚಟ್ನಿ ಬಿಡಿ. ಚೀಲದಲ್ಲಿ ಉಪ್ಪು ಹಾಕದ ಒಂದು ಸೇರು ಪುರಿ ಇರಲಿ. ಎರಡು ವೈನಿನ ನಡುವೆ ನಾಲಿಗೆ ತೊಳೆಯಲು ಅದಕ್ಕಿಂತ ನಿರ್ಲಿಪ್ತ ತಿನಿಸು ನನಗೆ ಕಂಡಿಲ್ಲ. ನೀರಿನ ಬಾಟಲಿ, ಪೆನ್ನು, ಸಣ್ಣ ನೋಟುಪುಸ್ತಕ. ಮತ್ತೆ ಡ್ರೈವರ್.

ಡ್ರೈವರ್ ಯಾಕೆ

ಲೆಕ್ಕ ಹಾಕೋಣ. ಐದು ಬಗೆ, ತಲಾ 50 ಮಿ.ಲೀ. ಒಟ್ಟು 250, ಅಂದರೆ 750ರ ಬಾಟಲಿಯ ಮೂರನೇ ಒಂದು ಭಾಗ. ಶೇ 13ರ ವೈನಾದರೆ ಅದರಲ್ಲಿ ಸುಮಾರು 26 ಗ್ರಾಂ ಆಲ್ಕೋಹಾಲ್. ನಮ್ಮ ಕಾನೂನಿನ ಮಿತಿ 100 ಮಿ.ಲೀ. ರಕ್ತದಲ್ಲಿ 30 ಮಿಲಿಗ್ರಾಂ. ಎಲ್ಲವನ್ನೂ ನುಂಗಿ ಕಾರು ಹತ್ತಿದವರು ಮಿತಿ ದಾಟಿರುವ ಸಾಧ್ಯತೆಯೇ ಹೆಚ್ಚು, ‘ನಂಗೇನೂ ಆಗಿಲ್ಲ’ ಎನಿಸಿದರೂ.

ಅದಕ್ಕೇ ಉಗುಳಬೇಕು. ಮೊದಲ ಸಲ ನನ್ನಿಂದ ಆಗಲಿಲ್ಲ. ಎಂಜಲಿನ ವಿಷಯದಲ್ಲಿ ಅಜ್ಜಿ ಕೈಯಲ್ಲಿ ಬೆಳೆದವನಿಗೆ ನಾಲ್ಕು ಜನರ ಎದುರು ಬಕೆಟ್ಟಿಗೆ ಉಗುಳುವುದೆಂದರೇನು! ಈಗ ಒಂದು ಕಾಗದದ ಲೋಟ ಕೈಯಲ್ಲಿ ಹಿಡಿದೇ ಇರುತ್ತೇನೆ. ಅದಕ್ಕೆ ಮೆಲ್ಲಗೆ ಬಿಟ್ಟು, ತುಂಬಿದಾಗ ಬಕೆಟ್ಟಿಗೆ ಸುರಿಯುವುದು. ಯಾರಿಗೂ ಕಸಿವಿಸಿ ಇಲ್ಲ. ತುಂಬ ಹಿಡಿಸಿದ ಒಂದನ್ನು ಮಾತ್ರ ಕೊನೆಗೆ ಕೇಳಿ ಹಾಕಿಸಿಕೊಂಡು ಕುಡಿಯಿರಿ.

ಗ್ಲಾಸು ಕೈಗೆ ಬಂದಾಗ

ಬಿಳಿಯಿಂದ ಶುರು, ಆಮೇಲೆ ತಿಳಿಗುಲಾಬಿ ಬಣ್ಣದ ರೋಸೆ, ಆಮೇಲೆ ಕೆಂಪು, ಸಿಹಿಯದು ಕಟ್ಟಕಡೆಗೆ. ಸಿಹಿ ಕುಡಿದ ಬಾಯಿಗೆ ಮಿಕ್ಕಿದ್ದೆಲ್ಲ ಬರೀ ಹುಳಿ ಎನಿಸುತ್ತದೆ. ಪಾಯಸ ಉಂಡು ಮಜ್ಜಿಗೆ ಕುಡಿದಂತೆ.

ಗ್ಲಾಸಿನ ಕಾಲನ್ನು ಹಿಡಿಯಿರಿ, ಅದರ ಹೊಟ್ಟೆಯನ್ನಲ್ಲ. ಕೈಯ ಬಿಸಿ ವೈನಿಗೆ ಹತ್ತುತ್ತದೆ. ಬಿಳಿ ಹಾಳೆಯ ಮೇಲೆ ಓರೆ ಮಾಡಿ ಬಣ್ಣ ನೋಡಿ. ಕೆಂಪು ವೈನಿನ ಅಂಚು ನೇರಳೆಯಾಗಿದ್ದರೆ ಎಳೆಯದು, ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ವಯಸ್ಸಾಗಿದೆ. ಗ್ಲಾಸಿನ ಗೋಡೆಯಲ್ಲಿ ಇಳಿಯುವ ‘ಕಣ್ಣೀರು’ ನೋಡಿ ಗುಣಮಟ್ಟ ಹೇಳುವವರಿದ್ದಾರೆ. ಅದು ಆಲ್ಕೋಹಾಲಿನ ಆಟ, ಅದರಿಂದ ಗುಣಮಟ್ಟ ತಿಳಿಯುವುದಿಲ್ಲ.

ಈಗ ಮೂಗು. ಮೊದಲು ಅಲುಗಿಸದೆ ಒಂದು ಸಲ, ಆಮೇಲೆ ಮೇಜಿನ ಮೇಲಿಟ್ಟೇ ಗರಗರ ತಿರುಗಿಸಿ ಇನ್ನೊಂದು ಸಲ. ದೀರ್ಘವಾಗಿ ಎಳೆಯಬೇಡಿ. ಹೂವಾಡಗಿತ್ತಿಯ ಬುಟ್ಟಿ ದಾಟುವಾಗ ಮೂಗು ತಾನೇ ಎಳೆದುಕೊಳ್ಳುತ್ತದಲ್ಲ, ಅಷ್ಟು. ಬಂದ ಮೊದಲ ನೆನಪನ್ನೇ ಬರೆದುಕೊಳ್ಳಿ, ಪುಸ್ತಕದ ಮಾತು ಬೇಡ. ನನ್ನ ನೋಟುಪುಸ್ತಕದಲ್ಲಿ ಸೊವಿನ್ಯೋನ್ ಬ್ಲಾಂಕ್ ಎಂಬ ಬಿಳಿ ವೈನಿನ ಎದುರು ‘ಕೊಯ್ದ ಹುಲ್ಲು, ಕಾಯಿಸೀಬೆ’ ಎಂದಿದೆ. ಇನ್ನೊಂದು ಬಿಳಿ, ಶೆನಿನ್ ಬ್ಲಾಂಕಿಗೆ ‘ಸೇಬು, ಸ್ವಲ್ಪ ಜೇನು’. ಕೆಂಪು ಶಿರಾಜಿಗೆ ‘ಕುಟ್ಟಿದ ಕಾಳುಮೆಣಸು’, ಇದು ಭ್ರಮೆಯಲ್ಲ. ಕಾಳುಮೆಣಸಿನ ಘಮಕ್ಕೆ ಕಾರಣವಾದ ರೊಟಂಡೋನ್ ಎಂಬ ವಸ್ತುವೇ ಶಿರಾಜ್ ದ್ರಾಕ್ಷಿಯ ಸಿಪ್ಪೆಯಲ್ಲೂ ಇದೆ. ಕ್ಯಾಬರ್ನೆಯಲ್ಲಿ ಹಸಿ ದೊಣ್ಣೆಮೆಣಸಿನಕಾಯಿ ಸೀಳಿದ ವಾಸನೆ ಸಿಕ್ಕಿದರೆ ಅದೂ ಸರಿಯೇ. ಅದಕ್ಕೂ ದೊಣ್ಣೆಮೆಣಸಿಗೂ ಪೈರಜೀನ್ ಎಂಬ ಒಂದೇ ಜಾತಿಯ ವಸ್ತು ಕಾರಣ, ಹಣ್ಣು ಪೂರ್ತಿ ಮಾಗದಿದ್ದಾಗ ಎದ್ದು ಕಾಣುತ್ತದೆ. ಲವಂಗ, ವೆನಿಲ್ಲಾ, ಸುಟ್ಟ ತೆಂಗಿನ ಚಿಪ್ಪು ಬಂದರೆ ಓಕ್ ಮರದ ಪೀಪಾಯಿಯದು.

ಇಲ್ಲೊಂದು ನಿರಾಸೆಗೆ ಸಿದ್ಧರಾಗಿ. ‘ದ್ರಾಕ್ಷಿ’ ಎಂದಾಕ್ಷಣ ನಮ್ಮ ಮೂಗಿಗೆ ಬರುವುದು ಬೆಂಗಳೂರು ಬ್ಲೂ, ಕೋಲಾರ-ಚಿಕ್ಕಬಳ್ಳಾಪುರ ಸೀಮೆಯ ಆ ನೀಲಿಗಪ್ಪು ಹಣ್ಣಿನ ಗಾಢ ಪರಿಮಳ. 2013ರಲ್ಲಿ ಭೌಗೋಳಿಕ ಗುರುತು ಪಡೆದ ತಳಿ ಅದು. ಆದರೆ ಅದರ ವಂಶ ಬೇರೆ, ಅಮೆರಿಕ ಮೂಲದ ಲ್ಯಾಬ್ರುಸ್ಕದ್ದು. ಶಿರಾಜ್, ಕ್ಯಾಬರ್ನೆಗಳು ಯುರೋಪಿನ ವಿನಿಫೆರ, ಅವುಗಳಲ್ಲಿ ಆ ‘ದ್ರಾಕ್ಷಿ ವಾಸನೆ’ ಇರುವುದಿಲ್ಲ. ಅಂಗಡಿಯ ಅಗ್ಗದ ಸಿಹಿ ‘ಪೋರ್ಟ್’ ಕುಡಿದು ರೂಢಿಯಾದವರು ಮೊದಲ ಗುಟುಕಿಗೆ ‘ಇದ್ರಲ್ಲಿ ದ್ರಾಕ್ಷೀನೇ ಇಲ್ವಲ್ಲ’ ಎನ್ನುವುದು ಇದಕ್ಕೇ. ಸಣ್ಣ ವೈನರಿಯವರು ಬೆಂಗಳೂರು ಬ್ಲೂನಲ್ಲೇ ಏನಾದರೂ ಮಾಡಿದ್ದರೆ ತಪ್ಪದೆ ಕೇಳಿ ಸವಿಯಿರಿ. ಪಂಡಿತರು ಮೂಗು ಮುರಿಯಲಿ, ನನಗೆ ಅದು ಗಣಪತಿ ಹಬ್ಬದ ಹಣ್ಣಿನ ತಟ್ಟೆಯನ್ನು ನೆನಪಿಸುತ್ತದೆ.

ಕೊನೆಗೆ ಬಾಯಿ. ಎರಡು ಚಮಚದಷ್ಟು ತೆಗೆದುಕೊಂಡು ಬಾಯಿ ಮುಕ್ಕಳಿಸುವಂತೆ ಎಲ್ಲ ಕಡೆ ಓಡಾಡಿಸಿ, ತುಟಿಯ ಸಂದಿಯಿಂದ ಸ್ವಲ್ಪ ಗಾಳಿ ಎಳೆದುಕೊಳ್ಳಿ. ಬಿಸಿ ಕಾಫಿಯನ್ನು ಸೊರ್ರೆಂದು ಹೀರುವವರಿಗೆ ಇದು ಬಂದೇ ಬರುತ್ತದೆ. ಮನೆಯ ತಾಲೀಮನ್ನು ನೆನೆಯಿರಿ: ಜೊಲ್ಲು ಎಷ್ಟು ಬಂತು, ಒಸಡು ಎಷ್ಟು ಒಣಗಿತು, ಗಂಟಲು ಎಷ್ಟು ಬೆಚ್ಚಗಾಯಿತು. ಉಗುಳಿದ ಮೇಲೆ ಮನಸ್ಸಿನಲ್ಲೇ ಎಣಿಸಿ. ಐದು ಎಣಿಸುವಷ್ಟರಲ್ಲಿ ರುಚಿ ಮಾಯವಾದರೆ ಸಾದಾ ವೈನ್, ಹದಿನೈದು ದಾಟಿದರೂ ಉಳಿದಿದ್ದರೆ ನೋಟುಪುಸ್ತಕದಲ್ಲಿ ಒಂದು ನಕ್ಷತ್ರ. ಬೆಲೆ ನೋಡದೆ ಅಂದಾಜು ಹಾಕಲು ನಾನು ನೆಚ್ಚುವ ಅಳತೆ ಇದೊಂದೇ.

ವೈನ್ ಬೆಚ್ಚಗಿದ್ದರೆ ಸಂಕೋಚವಿಲ್ಲದೆ ಹೇಳಿ. ಕೆಂಪು ವೈನನ್ನು ‘ರೂಮ್ ಟೆಂಪರೇಚರ್’ನಲ್ಲಿ ಕುಡಿಯಬೇಕು ಎನ್ನುವಾಗಿನ ರೂಮು ಯುರೋಪಿನ ಹಳೆಯ ಕಲ್ಲಿನ ಮನೆಯದು, 16–18 ಡಿಗ್ರಿ. ಮಾರ್ಚ್ ತಿಂಗಳ ದೊಡ್ಡಬಳ್ಳಾಪುರದ್ದಲ್ಲ. ಬಿಳಿಯದು 8–12 ಡಿಗ್ರಿಯಲ್ಲಿರಲಿ. ಅದಕ್ಕಿಂತ ತಣ್ಣಗಾದರೆ ಪರಿಮಳ ಮುಚ್ಚಿಕೊಳ್ಳುತ್ತದೆ, ಒಂದೆರಡು ನಿಮಿಷ ಅಂಗೈಯಲ್ಲಿ ಹಿಡಿಯಿರಿ.

ಕೆಟ್ಟಿದೆಯೋ, ನನಗೆ ಹಿಡಿಸಲಿಲ್ಲವೋ

ಇವೆರಡನ್ನೂ ಬೇರೆ ಮಾಡುವುದು ಮುಖ್ಯ. ನೆನೆದ ಗೋಣಿಚೀಲದ ವಾಸನೆ ಬಂದರೆ ಕಾರ್ಕಿನ ದೋಷ, ಇನ್ನೊಂದು ಬಾಟಲಿ ತೆಗೆಸಿ. ಹೆಚ್ಚಿಟ್ಟ ಸೇಬು ಕಂದಾದ ವಾಸನೆಯಾದರೆ ಗಾಳಿ ತಾಗಿದೆ, ಬಾಟಲಿ ಯಾವಾಗ ತೆರೆದದ್ದು ಎಂದು ಕೇಳಿ. ವಾರದಲ್ಲಿ ನಾಲ್ಕು ಜನ ಬರುವ ಕಡೆ ಮೊನ್ನೆಯ ಬಾಟಲಿಯಿಂದಲೇ ಸುರಿಯುವುದುಂಟು. ವಿನೆಗರ್ ಅಥವಾ ನೇಲ್ ಪಾಲಿಶ್ ತೆಗೆಯುವ ದ್ರವದ ಘಾಟಾದರೆ ಬ್ಯಾಕ್ಟೀರಿಯಾ ಕೈವಾಡ. ಕೊಳೆತ ಮೊಟ್ಟೆಯಾದರೆ ಗಂಧಕದ್ದು, ಹೆದರಬೇಡಿ, ಚೆನ್ನಾಗಿ ತಿರುಗಿಸಿದರೆ ಹಾರಿಹೋಗಬಹುದು. ಹೋಗದಿದ್ದರೆ ಚೊಕ್ಕಟವಾಗಿ ತೊಳೆದ ತಾಮ್ರದ ಕಾಸೊಂದನ್ನು ಗ್ಲಾಸಿಗೆ ಹಾಕಿ ಅಲುಗಿಸಿ ನೋಡಿ, ತಾಮ್ರ ಆ ಗಂಧಕವನ್ನು ಹಿಡಿದುಕೊಳ್ಳುತ್ತದೆ. (ದೇವರಮನೆಯ ಉದ್ಧರಣೆ ಎತ್ತಿಕೊಂಡು ಹೋಗಬೇಡಿ.) ತಳದಲ್ಲಿ ಸಕ್ಕರೆ ಹರಳಿನಂಥದ್ದು ಕಂಡರೆ ಅದು ದೋಷವೇ ಅಲ್ಲ. ತಂಪಿಗೆ ಟಾರ್ಟಾರಿಕ್ ಆಮ್ಲದ ಲವಣ ಹರಳುಗಟ್ಟಿದ್ದು.

ಇವು ಯಾವುವೂ ಇಲ್ಲದೆ ಬಾಯಿಗೆ ಹತ್ತದಿದ್ದರೆ, ಅದು ನಿಮ್ಮ ರುಚಿ. ಸುಮ್ಮನೆ ತಲೆಯಾಡಿಸಿ ಹೊಗಳಬೇಡಿ, ಸಣ್ಣವರಿಗೆ ಬೇಕಾಗಿರುವುದು ನಿಜವಾದ ಮಾತು. ‘ಒಗರು ಜಾಸ್ತಿಯಾಯ್ತು’ ಎಂದರೆ ಅವರಿಗೆ ಅದರಿಂದ ಕೆಲಸವಿದೆ, ‘ನೈಸ್’ ಎಂದರೆ ಇಲ್ಲ.

ಕೇಳಬೇಕಾದ ಪ್ರಶ್ನೆಗಳು

ದೊಡ್ಡ ಕಂಪನಿಯ ಕೌಂಟರಿನಲ್ಲಿ ಸಿಗದ, ಸಣ್ಣ ಕಡೆ ಮಾತ್ರ ಸಿಗುವ ಲಾಭ ಇದು. ‘ದ್ರಾಕ್ಷಿ ನಿಮ್ಮ ತೋಟದ್ದಾ, ರೈತರಿಂದ ಕೊಂಡಿದ್ದಾ?’ ಕೊಂಡದ್ದಾದರೆ ತಪ್ಪಿಲ್ಲ, ಎಲ್ಲಿಯದು ಎಂದು ಹೇಳುವವರನ್ನು ನಂಬಿ. ‘ಎಷ್ಟು ಬಾಟಲಿ ಮಾಡಿದ್ರಿ?’ ಒಂದು ಪೀಪಾಯಿ 225 ಲೀಟರ್, ಅಂದರೆ 300 ಬಾಟಲಿ. ‘ಎರಡೇ ಪೀಪಾಯಿ’ ಎಂದರೆ ಮುಂದಿನ ಸಲ ಬರುವಾಗ ಅದು ಇರುವುದಿಲ್ಲ. ‘ಹುಳಿ ಸೇರಿಸಿದ್ರಾ?’ ಬಿಸಿಲಿನ ಸೀಮೆಯಲ್ಲಿ ಹಣ್ಣು ಮಾಗುತ್ತಾ ಹುಳಿ ಕಳೆದುಕೊಳ್ಳುವುದರಿಂದ ಟಾರ್ಟಾರಿಕ್ ಆಮ್ಲ ಸೇರಿಸುವುದು ಸಾಮಾನ್ಯ. ಇದನ್ನು ಆಪಾದನೆಯ ಧ್ವನಿಯಲ್ಲಿ ಕೇಳಬೇಡಿ, ಸಾರಿಗೆ ಹುಳಿ ಹಿಂಡಿದ್ರಾ ಎಂದು ಕೇಳಿದಷ್ಟೇ ಸಲೀಸಾಗಿ ಕೇಳಿ.

ನನಗೆ ಅತ್ಯಂತ ಪ್ರಯೋಜನಕ್ಕೆ ಬಂದ ಪ್ರಶ್ನೆ: ‘ಆ ವರ್ಷ ಮಳೆ ಹೇಗಿತ್ತು?’ ಸೆಪ್ಟೆಂಬರ್ ಚಾಟನಿ ಆಗಿ ಚಿಗುರು-ಹೂವು ಬರುವ ಹೊತ್ತಿಗೇ ನಮ್ಮ ಕಡೆ ಹಿಂಗಾರು ಹಿಡಿಯುತ್ತದೆ. ಮಳೆ ಬಿಡದಿದ್ದರೆ ದಾವಣಿ (ಡೌನಿ ಮಿಲ್ಡ್ಯೂ ಎಂಬ ಬೂಷ್ಟು) ರೋಗ, ಔಷಧಿ ಹೊಡೆದೂ ಹೊಡೆದೂ ಸಾಕಾಗಿ ಉಳಿದದ್ದು ಅರ್ಧ ಫಸಲು. ಈ ಪ್ರಶ್ನೆ ಕೇಳಿದಾಗ ಒಬ್ಬರು ಲೇಬಲ್ ಅಂಟಿಸದ ಎರಡು ಬಾಟಲಿ ಒಳಗಿನಿಂದ ತಂದರು. ಒಂದೇ ತೋಟ, ಒಂದೇ ಶಿರಾಜ್, ಹಿಂದುಮುಂದಿನ ಎರಡು ವರ್ಷ. ಮಳೆಯ ವರ್ಷದ್ದು ತೆಳ್ಳಗೆ, ಮೆಣಸು ಜಾಸ್ತಿ, ಹಣ್ಣು ಕಡಿಮೆ. ಒಣ ವರ್ಷದ್ದು ನೇರಳೆಹಣ್ಣಿನ ಪಾಕದಂತೆ ದಪ್ಪ. ಅವರು ಮಾರಲು ನಾಚುತ್ತಿದ್ದದ್ದು ಮಳೆಯ ವರ್ಷದ್ದನ್ನು. ನಾನು ಕೊಂಡದ್ದು ಅದನ್ನೇ.

ಊಟದ ಜೊತೆ

ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಖಾರದ ಅಡುಗೆಗೆ ಒಗರಿನ ಕೆಂಪು ವೈನ್ ಹೊಂದುವುದಿಲ್ಲ, ಖಾರ ಇನ್ನಷ್ಟು ಉರಿಯುತ್ತದೆ. ಬಿಸಿಬೇಳೆಬಾತಿಗೆ ಸ್ವಲ್ಪ ಸಿಹಿ ಉಳಿದ ತಣ್ಣನೆಯ ಶೆನಿನ್ ಬ್ಲಾಂಕ್. ಕೋಸಂಬರಿ, ಹುರಿದ ಮೀನಿಗೆ ಸೊವಿನ್ಯೋನ್ ಬ್ಲಾಂಕ್. ಪಂದಿ ಕರಿಯ ಕೊಬ್ಬಿಗೂ ಕರಿಮೆಣಸಿಗೂ ಶಿರಾಜ್ ಹೇಳಿ ಮಾಡಿಸಿದ ಜೋಡಿ. ಮೊಸರನ್ನಕ್ಕೆ ಯಾವುದೂ ಬೇಡ.

ಕೊಂಡು, ಮನೆಗೆ ತಂದು

ನಕ್ಷತ್ರ ಬಿದ್ದ ಒಂದೆರಡನ್ನು ಮಾತ್ರ ಕೊಳ್ಳಿ, ಬಿಲ್ ಇಟ್ಟುಕೊಳ್ಳಿ. ಥರ್ಮೊಕೋಲ್ ಪೆಟ್ಟಿಗೆ ಮನೆಯಿಂದಲೇ ಒಯ್ಯಿರಿ. ಒಮ್ಮೆ ನಾಲ್ಕು ಬಾಟಲಿಯನ್ನು ಡಿಕ್ಕಿಯಲ್ಲಿಟ್ಟು, ದಾರಿಯಲ್ಲಿ ಊಟಕ್ಕೆ ನಿಲ್ಲಿಸಿ, ಮಾತಿಗೆ ಕೂತು ಎರಡು ಗಂಟೆ ಕಳೆದೆ. ಬಂದು ನೋಡಿದರೆ ಒಂದರ ಕಾರ್ಕ್ ಅರ್ಧ ಬೆರಳಷ್ಟು ಮೇಲೆದ್ದು ಪಕ್ಕದಲ್ಲಿ ಕೆಂಪು ಸೋರಿತ್ತು. ಮಿಕ್ಕ ಮೂರು ಹೊರಗೆ ಸರಿಯಿದ್ದವು, ತೆರೆದಾಗ ಎಲ್ಲಕ್ಕೂ ಒಂದೇ ರುಚಿ, ಒಲೆಯ ಮೇಲೆ ಮರೆತ ಜಾಮಿನದು. ವೈನಿನವರ ಒಂದು ವರ್ಷದ ದುಡಿಮೆಯನ್ನು ನಾನು ಒಂದು ಮಧ್ಯಾಹ್ನದಲ್ಲಿ ಬೇಯಿಸಿದ್ದೆ.

ಮನೆಯಲ್ಲಿ ಬೀರುವಿನ ಕೆಳಗಿನ ಕತ್ತಲೆಯ ಅರೆ ಸಾಕು, ಕಾರ್ಕಿನ ಬಾಟಲಿ ಮಲಗಿರಲಿ, ತಿರುಗುಮುಚ್ಚಳದ್ದು ನಿಂತಿರಲಿ. ನಮ್ಮ ಹೆಚ್ಚಿನ ಬಿಳಿ ವೈನುಗಳು ಒಂದೆರಡು ವರ್ಷದೊಳಗೆ ಕುಡಿಯುವಂಥವು, ಮೊಮ್ಮಕ್ಕಳ ಮದುವೆಗೆ ಎತ್ತಿಡಬೇಡಿ. ತೆರೆದ ಬಾಟಲಿ ಮಿಕ್ಕರೆ ಅರ್ಧ ಲೀಟರಿನ ಬೇರೊಂದು ಗಾಜಿನ ಬಾಟಲಿಗೆ ಕಂಠಮಟ್ಟ ತುಂಬಿ ಮುಚ್ಚಿ ಫ್ರಿಜ್ಜಿನಲ್ಲಿಡಿ. ಕೆಂಪನ್ನೂ ಅಲ್ಲೇ, ಕುಡಿಯುವ ಇಪ್ಪತ್ತು ನಿಮಿಷ ಮುಂಚೆ ಹೊರಗೆ ತೆಗೆದರಾಯಿತು. ಮೂರು ದಿನ ತಡೆಯುತ್ತದೆ. ದಿನಕ್ಕೊಂದು ಗುಟುಕು ನೋಡುತ್ತಾ ಬನ್ನಿ: ಮೊದಲ ದಿನ ಮುಚ್ಚಿಕೊಂಡಿದ್ದ ಕೆಲವು ವೈನು ಎರಡನೇ ದಿನ ಬಾಯಿ ಬಿಡುತ್ತವೆ. ನಾಲ್ಕನೇ ದಿನವೂ ಉಳಿದಿದ್ದರೆ ಮಟನ್ ಬೇಯುವಾಗ ಪಾತ್ರೆಗೆ ಸುರಿಯಿರಿ, ಹುಣಸೆಹುಳಿ ಅಷ್ಟು ಕಡಿಮೆ ಹಾಕಿ.